ಓದುಗರ ಪ್ರಶ್ನೆಗೆ ಉತ್ತರ: ಒಂದೇ ಗೇಮ್ ಸ್ಟುಡಿಯೊ, ಹಲವು ಪ್ರಕಾರದ ಆಟಗಳು

ವಿಡಿಯೊ ಗೇಮ್ ತಯಾರಿಕೆಯನ್ನು ಕುರಿತು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳುತ್ತಿರುವುದರಿಂದ, ಅವುಗಳಲ್ಲಿ ಐದನ್ನು ಆಯ್ದು ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಕೆಲವು ಸ್ಟುಡಿಯೊಗಳು ವರ್ಷಾನುಗಟ್ಟಲೆ ಒಂದೇ ಬಗೆಯ ಆಟವನ್ನು ತಯಾರಿಸುತ್ತವೆ. ಇನ್ನು ಕೆಲವು ಪ್ರತಿ ಸಲವೂ ಬೇರೆ ಪ್ರಕಾರಕ್ಕೆ ಕೈಹಾಕಿ, ಅಲ್ಲಿಯೂ ಏನಾದರೊಂದು ಹೊಸತನ್ನು ತರುತ್ತವೆ. ಪ್ರತಿ ಪ್ರಕಾರಕ್ಕೂ ಅವರ ಬಳಿ ಹೊಸ ಉಪಾಯ ಇರುತ್ತದೆಯೇ ಅಥವಾ ಇದು ಕೇವಲ ಅದೃಷ್ಟವೇ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಅದೃಷ್ಟದ ಪಾಲು ಇಲ್ಲವೆಂದು ಹೇಳಲಾಗದು. ಆದರೆ ಪ್ರಕಾರ ಬದಲಿಸಿ ಗೆದ್ದ ಸ್ಟುಡಿಯೊಗಳ ಆಟಗಳನ್ನು ಬಿಡುಗಡೆಯಾದ ಕ್ರಮದಲ್ಲೇ ಆಡಿ ನೋಡಿದರೆ, ಅವರು ಪ್ರತಿ ಸಲ ಎಲ್ಲವನ್ನೂ ಹೊಸದಾಗಿ ಕಂಡುಹಿಡಿಯುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ತಮ್ಮ ಕೈ ಪಳಗಿದ ಒಂದೆರಡು ಸಂಗತಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಅವು ಇದುವರೆಗೆ ಯಾರಿಗೂ ಬೇಕೆನಿಸದಿದ್ದ ಪ್ರಕಾರಕ್ಕೆ ಅವರು ಕಾಲಿಡುತ್ತಾರೆ. ಆಗ ಹಳೆಯ ಕೌಶಲವೇ ಹೊಸ ಜಾಗದಲ್ಲಿ ಹೊಸತಾಗಿ ಕಾಣುತ್ತದೆ.

ಇದಕ್ಕೆ ನನಗೆ ತಿಳಿದ ಅತ್ಯುತ್ತಮ ನಿದರ್ಶನ ಅಮೆರಿಕದ ಸೂಪರ್‌ಜೈಂಟ್ ಗೇಮ್ಸ್ ಎಂಬ ಪುಟ್ಟ ಸ್ಟುಡಿಯೊ. 2011ರ ‘ಬ್ಯಾಸ್ಟಿಯನ್’ ಒಂದು ಆ್ಯಕ್ಷನ್ ಆಟ. ಆಟಗಾರ ಮಾಡಿದ್ದನ್ನೆಲ್ಲ ನಿರೂಪಕನ ದನಿಯೊಂದು ಆಗಿಂದಾಗ ಕಥೆಯಾಗಿ ಹೇಳುತ್ತಾ ಹೋಗುತ್ತದೆ. 2014ರ ‘ಟ್ರಾನ್ಸಿಸ್ಟರ್’ನಲ್ಲಿ ಕಾಳಗವನ್ನು ತಡೆಹಿಡಿದು ಮುಂದಿನ ಹೆಜ್ಜೆಗಳನ್ನು ಯೋಜಿಸಬಹುದು. 2017ರ ‘ಪೈರ್’ ಇನ್ನೂ ವಿಚಿತ್ರವಾದದ್ದು: ಅದರಲ್ಲಿ ಮೂವರ ತಂಡವೊಂದು ಗೋಳವನ್ನು ಹೊತ್ತೊಯ್ದು ಎದುರಾಳಿಯ ಅಗ್ನಿಕುಂಡಕ್ಕೆ ಹಾಕಬೇಕು, ಅಂದರೆ ಅದು ಅರ್ಧ ಕ್ರೀಡೆ, ಅರ್ಧ ರೋಲ್ ಪ್ಲೇಯಿಂಗ್ (ಪಾತ್ರಗಳನ್ನು ವಹಿಸಿ, ಬೆಳೆಸುತ್ತಾ ಆಡುವ ಬಗೆ). ಆ ಆಟದಲ್ಲಿ ಪಂದ್ಯ ಸೋತರೆ ಹಿಂದಿನ ಸೇವ್‌ಗೆ, ಅಂದರೆ ಮೊದಲೇ ಉಳಿಸಿಟ್ಟ ಹಂತಕ್ಕೆ, ಮರಳಬೇಕಾಗಿಲ್ಲ. ಸೋಲನ್ನು ಒಳಗೊಂಡೇ ಕಥೆ ಮುಂದುವರಿಯುತ್ತದೆ. ‘ಪೈರ್’ ಅವರ ಉಳಿದ ಆಟಗಳಷ್ಟು ಜನಪ್ರಿಯವಾಗಲಿಲ್ಲ. ಆದರೆ ಮುಂದಿನ ಆಟದ ಬೀಜ ಅಲ್ಲಿಯೇ ಇತ್ತೆಂದು ನಾನು ಭಾವಿಸುತ್ತೇನೆ.

2018ರ ಡಿಸೆಂಬರ್‌ನಲ್ಲಿ ಅರ್ಲಿ ಆ್ಯಕ್ಸೆಸ್ ರೂಪದಲ್ಲಿ (ಪೂರ್ಣಗೊಳ್ಳುವ ಮುನ್ನವೇ ಆಟಗಾರರಿಗೆ ಸಿಗುವಂತೆ) ಬಂದು 2020ರ ಸೆಪ್ಟೆಂಬರ್‌ನಲ್ಲಿ ಪೂರ್ಣಗೊಂಡ ‘ಹೇಡೀಸ್’ ರೋಗ್‌ಲೈಕ್ ಪ್ರಕಾರಕ್ಕೆ ಸೇರಿದ್ದು. ಸತ್ತರೆ ಮೊದಲಿನಿಂದ ಆರಂಭಿಸಬೇಕು ಎಂಬುದು ಆ ಪ್ರಕಾರದ ಮೂಲ ನಿಯಮವಾದ್ದರಿಂದ, ಅಲ್ಲಿ ದೀರ್ಘವಾದ ಕಥೆ ಹೇಳುವುದು ಕಷ್ಟವೆಂದು ಬಹುಕಾಲ ನಂಬಲಾಗಿತ್ತು. ಸೂಪರ್‌ಜೈಂಟ್ ಆ ಸಾವನ್ನೇ ಕಥೆಯ ಬಾಗಿಲಾಗಿಸಿತು. ನಾಯಕ ಸತ್ತಾಗಲೆಲ್ಲ ಪಾತಾಳದ ತನ್ನ ತಂದೆಯ ಅರಮನೆಗೆ ಮರಳುತ್ತಾನೆ. ಅವನನ್ನು ಕೊಂದವರು ಯಾರು, ಅವನು ಎಷ್ಟು ದೂರ ಹೋಗಿದ್ದ ಎಂಬುದನ್ನು ಗಮನಿಸಿ ಅಲ್ಲಿಯವರು ಮಾತನಾಡುತ್ತಾರೆ. ಅದಕ್ಕಾಗಿ 20,000ಕ್ಕೂ ಹೆಚ್ಚು ಸಾಲುಗಳ ಸಂಭಾಷಣೆಯನ್ನು ಧ್ವನಿಮುದ್ರಿಸಲಾಗಿತ್ತು. ಆಟಗಾರನ ನಡೆಗೆ ಸ್ಪಂದಿಸುವ ದನಿ ‘ಬ್ಯಾಸ್ಟಿಯನ್’ನಿಂದ ಬಂದದ್ದು, ಸೋಲಿನಿಂದ ನಿಲ್ಲದ ಕಥೆ ‘ಪೈರ್’ನಿಂದ ಬಂದದ್ದು. ಸಂಗೀತಕ್ಕೆ ಡ್ಯಾರೆನ್ ಕೋರ್ಬ್, ಚಿತ್ರಕ್ಕೆ ಜೆನ್ ಝೀ, ಬರವಣಿಗೆಗೆ ಗ್ರೆಗ್ ಕಾಸಾವಿನ್ ಎಂಬ ಅದೇ ಜನ ನಾಲ್ಕೂ ಆಟಗಳಲ್ಲಿದ್ದರು ಎಂಬುದನ್ನು ಗಮನಿಸಬೇಕು. ತಂಡ ಚದುರಿದ್ದರೆ ಈ ಕೌಶಲ ಒಂದು ಆಟದಿಂದ ಇನ್ನೊಂದಕ್ಕೆ ಹೀಗೆ ದಾಟುತ್ತಿರಲಿಲ್ಲ.

ಇದೇ ದಾರಿಯನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದದ್ದು ನೆದರ್ಲೆಂಡ್ಸ್‌ನ ಗೆರಿಲ್ಲಾ. ‘ಕಿಲ್‌ಝೋನ್’ ಎಂಬ ಶೂಟರ್ (ಗುರಿಯಿಟ್ಟು ಗುಂಡು ಹಾರಿಸುವ ಆಟ) ಸರಣಿಯನ್ನು 2004ರಿಂದ ಮಾಡುತ್ತಿದ್ದ ಆ ಸ್ಟುಡಿಯೊ, 2017ರಲ್ಲಿ ‘ಹೊರೈಜನ್ ಝೀರೊ ಡಾನ್’ ಎಂಬ ವಿಶಾಲ ಬಯಲಿನ ರೋಲ್ ಪ್ಲೇಯಿಂಗ್ ಆಟವನ್ನು ಹೊರತಂದಿತು. ಅಲ್ಲಿನ ಯಾಂತ್ರಿಕ ಪ್ರಾಣಿಗಳ ಒಂದೊಂದು ಭಾಗಕ್ಕೂ ಗುರಿಯಿಟ್ಟು ಬಾಣ ಹೊಡೆದು ಕಳಚಬಹುದು, ಕಳಚಿ ಬಿದ್ದ ಆಯುಧವನ್ನು ಎತ್ತಿಕೊಂಡು ಅದೇ ಪ್ರಾಣಿಯ ಮೇಲೆ ಬಳಸಬಹುದು. ಗುರಿಯಿಡುವುದನ್ನು ವರ್ಷಗಟ್ಟಲೆ ತಿದ್ದಿ ತೀಡಿದವರಿಗೆ ಮಾತ್ರ ಹೊಳೆಯಬಹುದಾದ ಕಾಳಗ ಅದು. ಕಥೆ ಮತ್ತು ಸಂಭಾಷಣೆಯಲ್ಲಿ ತಮಗೆ ಅಷ್ಟು ಅನುಭವವಿಲ್ಲವೆಂದು ಅರಿತು, ಆ ಪ್ರಕಾರದಲ್ಲಿ ದುಡಿದ ಬರಹಗಾರರನ್ನು ಅವರು ಹೊರಗಿನಿಂದ ಕರೆತಂದರು.

ಪ್ರಶ್ನೆ: ಹೊಸ ಪ್ರಕಾರದಲ್ಲಿ ಒಂದು ಉಪಾಯ ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ಸ್ಟುಡಿಯೊದ ಒಳಗೆ ಹೇಗೆ ಪರೀಕ್ಷಿಸುತ್ತಾರೆ? ಎಲ್ಲವನ್ನೂ ಕಟ್ಟಿದ ಮೇಲೆಯೇ ಗೊತ್ತಾಗುವುದಾದರೆ ಇಷ್ಟು ಹಣ ಸುರಿಯುವ ಧೈರ್ಯ ಯಾರಿಗೆ ಇರುತ್ತದೆ? (ಓದುಗರೊಬ್ಬರು)

ಉತ್ತರ: ಎಲ್ಲವನ್ನೂ ಕಟ್ಟುವುದಕ್ಕೆ ಬಹಳ ಮೊದಲೇ ಪರೀಕ್ಷೆ ನಡೆಯುತ್ತದೆ. ಪ್ರೊಟೊಟೈಪ್ ಎಂದು ಕರೆಯುವ ಒರಟು ಮಾದರಿಯಲ್ಲಿ ಚಿತ್ರವಾಗಲಿ ಕಥೆಯಾಗಲಿ ಇರುವುದಿಲ್ಲ. ಬೂದು ಬಣ್ಣದ ಡಬ್ಬಿಗಳ ನಡುವೆ ಆಟದ ಒಂದೇ ಒಂದು ಕ್ರಿಯೆ ಮಾತ್ರ ಇರುತ್ತದೆ. ನಿಂಟೆಂಡೊದ ‘ಸ್ಪ್ಲಟೂನ್’ (2015) ಆರಂಭವಾದದ್ದು ತೋಫು ತುಂಡಿನಂತಿದ್ದ ಬಿಳಿ ಮತ್ತು ಕಪ್ಪು ದಿಮ್ಮಿಗಳು ನೆಲಕ್ಕೆ ಶಾಯಿ ಚಿಮ್ಮಿಸುತ್ತಾ ಜಾಗಕ್ಕಾಗಿ ಪೈಪೋಟಿ ನಡೆಸುವ ಮಾದರಿಯಿಂದ. ಆ ಹಂತದಲ್ಲೇ ಆಟದ ತಿರುಳು ಸಿದ್ಧವಾಗಿತ್ತು: ಶೂಟರ್‌ಗಳಲ್ಲಿ ಎದುರಾಳಿಯನ್ನು ಹೊಡೆಯುವುದೇ ಗುರಿಯಾದರೆ, ಇಲ್ಲಿ ಗೆಲುವನ್ನು ನಿರ್ಧರಿಸುವುದು ಯಾವ ತಂಡದ ಬಣ್ಣ ಹೆಚ್ಚು ನೆಲವನ್ನು ಆವರಿಸಿದೆ ಎಂಬುದು. ಗುರಿ ತಪ್ಪಿದ ಹೊಡೆತವೂ ನೆಲಕ್ಕೆ ಬಣ್ಣ ಬಳಿಯುವುದರಿಂದ ಹೊಸಬರ ಪ್ರಯತ್ನವೂ ವ್ಯರ್ಥವಾಗುವುದಿಲ್ಲ. ಪಾತ್ರಗಳು ಯಾರಾಗಿರಬೇಕು ಎಂಬ ಚರ್ಚೆ ಬಳಿಕ ಬಂತು. ನಡುವೆ ಮೊಲಗಳಾಗಿದ್ದು, ಕೊನೆಗೆ ಶಾಯಿ ಉಗುಳುವ ಕಡಲಜೀವಿಗಳಾದವು. ಈ ಆಟದ ಪ್ರೊಡ್ಯೂಸರ್ ಹಿಸಾಶಿ ನೊಗಾಮಿ ಅದಕ್ಕೆ ಮೊದಲು ಹೆಸರಾಗಿದ್ದದ್ದು, ಯಾರನ್ನೂ ಹೊಡೆಯದೆ ಊರಿನಲ್ಲಿ ನೆಮ್ಮದಿಯಾಗಿ ಬಾಳುವ ‘ಅನಿಮಲ್ ಕ್ರಾಸಿಂಗ್’ಗೆ ಎಂಬುದು ಕುತೂಹಲದ ಸಂಗತಿ.

ಅದೇ ಕಂಪನಿ ತನ್ನ ‘ಝೆಲ್ಡಾ’ ಎಂಬ ಸಾಹಸ ಸರಣಿಯ ‘ಬ್ರೆತ್ ಆಫ್ ದಿ ವೈಲ್ಡ್’ (2017) ಮಾಡುವಾಗ, 1986ರ ಮೊದಲ ‘ಝೆಲ್ಡಾ’ದಂತೆ ಕಾಣುವ ಸಪಾಟಾದ 2ಡಿ ಮಾದರಿಯೊಂದನ್ನು ಕಟ್ಟಿ, ಬೆಂಕಿ, ಗಾಳಿ, ಮರ ಮೊದಲಾದವು ಒಂದರ ಮೇಲೊಂದು ಪರಿಣಾಮ ಬೀರುವ ನಿಯಮಗಳು ಆಟದಲ್ಲಿ ಖುಷಿ ಕೊಡುತ್ತವೆಯೇ ಎಂದು ನೋಡಿತು. ದುಬಾರಿ 3ಡಿ ಜಗತ್ತಿನ ಬಗ್ಗೆ ನಿರ್ಧರಿಸಲು ಅಗ್ಗದ 2ಡಿ ಆಟ ಸಾಕಾಯಿತು.

ಇನ್ನು ಧೈರ್ಯದ ಮಾತು. ಡಬಲ್ ಫೈನ್ ಎಂಬ ಸ್ಟುಡಿಯೊ ‘ಬ್ರೂಟಲ್ ಲೆಜೆಂಡ್’ ತಯಾರಿಯ ನಡುವೆ ದೊಡ್ಡ ಕೆಲಸವನ್ನು ಎರಡು ವಾರ ಬದಿಗಿಟ್ಟು, ಸಿಬ್ಬಂದಿಯನ್ನು ಚಿಕ್ಕ ಗುಂಪುಗಳಾಗಿ ಹಂಚಿ, ಪ್ರತಿ ಗುಂಪಿಗೂ ಬೇರೆ ಬೇರೆ ಆಟದ ಮಾದರಿ ಕಟ್ಟುವಂತೆ ಹೇಳಿತು. ಮುಂದೆ ಆ ದೊಡ್ಡ ಆಟದ ಎರಡನೆಯ ಭಾಗ ರದ್ದಾದಾಗ, ಬದಿಗಿಟ್ಟಿದ್ದ ಮಾದರಿಗಳೇ ಕೈಹಿಡಿದವು. ರೋಲ್ ಪ್ಲೇಯಿಂಗ್ ಆಟವಾದ ‘ಕಾಸ್ಟ್ಯೂಮ್ ಕ್ವೆಸ್ಟ್’ (2010), ಒಗಟುಗಳ ಆಟವಾದ ‘ಸ್ಟ್ಯಾಕಿಂಗ್’ (2011) ಎರಡೂ ಹಾಗೆ ಹುಟ್ಟಿದವು. ಫಿನ್ಲೆಂಡ್‌ನ ಸೂಪರ್‌ಸೆಲ್ ಬೇರೆಯೇ ದಾರಿ ಹಿಡಿದಿದೆ: ಅಲ್ಲಿ ಆಟವನ್ನು ಮುಂದುವರಿಸಬೇಕೋ ಕೈಬಿಡಬೇಕೋ ಎಂಬ ತೀರ್ಮಾನ ಬಹುಮಟ್ಟಿಗೆ ಅದನ್ನು ಮಾಡುವ ಚಿಕ್ಕ ತಂಡದ್ದೇ. ‘ಬ್ರಾಲ್ ಸ್ಟಾರ್ಸ್’ 2017ರಲ್ಲಿ ಕೆಲವೇ ದೇಶಗಳಲ್ಲಿ ಪ್ರಾಯೋಗಿಕವಾಗಿ ಬಿಡುಗಡೆಯಾಗಿ, ಫೋನನ್ನು ಉದ್ದಕ್ಕೆ ಹಿಡಿದು ಆಡುವ ಆಟದಿಂದ ಅಡ್ಡ ಹಿಡಿದು ಆಡುವ ಆಟವಾಗಿ ಬದಲಾಗಿ, 2018ರ ಡಿಸೆಂಬರ್‌ನಲ್ಲಷ್ಟೇ ಜಗತ್ತಿಗೆಲ್ಲ ಬಂತು. ನನ್ನ ದೃಷ್ಟಿಯಲ್ಲಿ, ಕೈಬಿಟ್ಟ ಆಟಕ್ಕಾಗಿ ಯಾರ ಕೆಲಸಕ್ಕೂ ಕುತ್ತು ಬಾರದ ಸ್ಟುಡಿಯೊದಲ್ಲಿ ಮಾತ್ರ ಇಂತಹ ಪರೀಕ್ಷೆಗಳು ಪ್ರಾಮಾಣಿಕವಾಗಿ ನಡೆಯುತ್ತವೆ. ಉಳಿದೆಡೆ ಎಲ್ಲ ಮಾದರಿಗಳೂ ‘ಬಹಳ ಚೆನ್ನಾಗಿವೆ’ ಎಂಬ ವರದಿಯನ್ನೇ ಪಡೆಯುತ್ತವೆ.

ಪ್ರಶ್ನೆ: ಎರಡು ಪ್ರಕಾರಗಳನ್ನು ಬೆರೆಸಿದರೆ ಅದು ಹೊಸತನವೇ?

ಉತ್ತರ: ಬೆರೆಸಿದ ಮಾತ್ರಕ್ಕೆ ಅಲ್ಲ. ಒಂದು ಪ್ರಕಾರ ಇನ್ನೊಂದರ ಯಾವುದಾದರೂ ಕೊರತೆಯನ್ನು ತುಂಬಿದಾಗ ಬೆರಕೆ ನಿಲ್ಲುತ್ತದೆ. ‘ಸ್ಲೇ ದಿ ಸ್ಪೈರ್’ ಕಾರ್ಡ್ ಆಟವನ್ನು ರೋಗ್‌ಲೈಕ್‌ನೊಂದಿಗೆ ಸೇರಿಸಿತು. ಆದರೆ ಅದನ್ನು ಆಡುವಂತೆ ಮಾಡುವುದು ಶತ್ರು ಮುಂದಿನ ಸರದಿಯಲ್ಲಿ ಏನು ಮಾಡಲಿದ್ದಾನೆ ಎಂಬುದನ್ನು ಅವನ ತಲೆಯ ಮೇಲೆಯೇ ತೋರಿಸುವ ಸಣ್ಣ ಗುರುತು. ಅದಿಲ್ಲದಿದ್ದರೆ ಪ್ರತಿ ಕಾರ್ಡೂ ಬರೀ ಊಹೆಯಾಗುತ್ತಿತ್ತು.

ಪ್ರಶ್ನೆ: ಹೆಸರಾಂತ ಸ್ಟುಡಿಯೊಗಳೂ ಹೊಸ ಪ್ರಕಾರಕ್ಕೆ ಹೋದಾಗ ಮುಗ್ಗರಿಸುವುದೇಕೆ? ಅವರಿಗೆ ಹಣಕ್ಕೂ ಜನಕ್ಕೂ ಕೊರತೆ ಇರುವುದಿಲ್ಲವಲ್ಲ? (ನಿವೃತ್ತ ಶಿಕ್ಷಕರು)

ಉತ್ತರ: ಹಣ ಮತ್ತು ಜನ ಹೆಚ್ಚಾದಷ್ಟೂ ತಪ್ಪು ದಾರಿಯಲ್ಲಿ ಬಹಳ ದೂರ ಹೋಗುವ ಅನುಕೂಲವೂ ಹೆಚ್ಚುತ್ತದೆ. ಬ್ಲಿಝಾರ್ಡ್ ‘ಟೈಟನ್’ ಎಂಬ ಬೃಹತ್ ಆನ್‌ಲೈನ್ ಆಟಕ್ಕಾಗಿ ಹಲವು ವರ್ಷ ದುಡಿದು, 2014ರ ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದುಗೊಳಿಸಿದ್ದಾಗಿ ಹೇಳಿತು. ಆ ತಂಡದ ಉಳಿದ ಜನ ಕೆಲವು ಪಾತ್ರಗಳನ್ನೂ ಕಲ್ಪನೆಗಳನ್ನೂ ಉಳಿಸಿಕೊಂಡು, ಉಳಿದುದನ್ನೆಲ್ಲ ಬಿಟ್ಟು, ಆರು ಜನರ ಎರಡು ತಂಡಗಳು ಸೆಣಸುವ ಶೂಟರ್ ಆಗಿ ‘ಓವರ್‌ವಾಚ್’ ಅನ್ನು 2016ರಲ್ಲಿ ಹೊರತಂದರು. ಶೂಟರ್ ಆ ಸ್ಟುಡಿಯೊಕ್ಕೆ ಹೊಸ ಪ್ರಕಾರವೇ ಆಗಿತ್ತು. ಆದರೆ ಒಂದೊಂದು ಪಾತ್ರವೂ ಬೇರೆ ಬಗೆಯಲ್ಲಿ ಆಡುವಂತೆ ರೂಪಿಸುವುದು, ಅವುಗಳ ನಡುವೆ ಬಲಾಬಲ ಸರಿದೂಗಿಸುವುದು ಅವರದೇ ಹಳೆಯ ಯುದ್ಧತಂತ್ರದ ಆಟ ‘ಸ್ಟಾರ್‌ಕ್ರಾಫ್ಟ್’ ಕಾಲದಿಂದಲೂ ಅವರಿಗೆ ಗೊತ್ತಿದ್ದ ವಿದ್ಯೆ. ಮೊದಲ ಉತ್ತರದಲ್ಲಿ ಹೇಳಿದ ಮಾತೇ ಇಲ್ಲಿಯೂ ಅನ್ವಯಿಸುತ್ತದೆ.

ಇನ್ನೊಂದು ಕಾರಣ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ: ಎಂಜಿನ್, ಅಂದರೆ ಆಟದ ತಳದಲ್ಲಿ ಓಡುವ ತಂತ್ರಾಂಶ. ಫ್ರಾಸ್ಟ್‌ಬೈಟ್ ಎಂಜಿನ್ ಅನ್ನು ಡೈಸ್ ಸ್ಟುಡಿಯೊ ‘ಬ್ಯಾಟಲ್‌ಫೀಲ್ಡ್’ ಶೂಟರ್‌ಗಳಿಗಾಗಿ ಕಟ್ಟಿತ್ತು. ಅದನ್ನೇ ಬಳಸಿ ಬಯೋವೇರ್ ‘ಡ್ರ್ಯಾಗನ್ ಏಜ್: ಇನ್‌ಕ್ವಿಝಿಷನ್’ (2014) ಮಾಡಲು ಹೊರಟಾಗ, ಸಂಗಡಿಗರ ತಂಡ, ಸಂಭಾಷಣೆ, ಆಯುಧ ಮತ್ತು ಸಾಮಗ್ರಿಗಳ ಪಟ್ಟಿ ಮೊದಲಾಗಿ ರೋಲ್ ಪ್ಲೇಯಿಂಗ್ ಆಟಕ್ಕೆ ಬೇಕಾದ ಸಾಮಾನ್ಯ ಸೌಲಭ್ಯಗಳನ್ನೂ ಹೊಸದಾಗಿ ಬರೆಯಬೇಕಾಯಿತು. ಎಂಜಿನ್‌ನೊಳಗೆ ಅದು ಹುಟ್ಟಿದ ಪ್ರಕಾರದ ಪೂರ್ವಗ್ರಹ ಅಡಗಿರುತ್ತದೆ. ಬೇರೆ ಪ್ರಕಾರಕ್ಕೆ ಹೋದವರು ಮೊದಲ ವರ್ಷವನ್ನು ಬಹುಪಾಲು ಅದರೊಂದಿಗೆ ಗುದ್ದಾಡುತ್ತಲೇ ಕಳೆಯುವುದುಂಟು.

ಮೂರನೆಯದು ಕಾಲುಭಾಗ ಕಲಿತು ಪೂರ್ತಿ ಬದಲಿಸಲು ಹೊರಡುವ ಆತುರ. ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ ಇದನ್ನು ತಪ್ಪಿಸಿದ ಬಗೆ ಪಾಠದಂತಿದೆ. ‘ಟೋಟಲ್ ವಾರ್’ ಎಂಬ ಸಾವಿರಾರು ಸೈನಿಕರ ಸ್ಟ್ರಾಟೆಜಿ ಸರಣಿಗೆ ಹೆಸರಾದ ಈ ಸ್ಟುಡಿಯೊ 2014ರಲ್ಲಿ ‘ಏಲಿಯನ್: ಐಸೊಲೇಶನ್’ ಎಂಬ ಭಯದ ಆಟವನ್ನು ಹೊರತಂದಿತು. ಅಡಗಿಕೊಳ್ಳುವುದು, ಸಾಮಗ್ರಿಯ ಅಭಾವ, ದೂರದೂರದ ಸೇವ್ ಸ್ಥಾನಗಳು, ಹೀಗೆ ಆ ಪ್ರಕಾರದ ಹಳೆಯ ಪದ್ಧತಿಗಳನ್ನೆಲ್ಲ ಅವರು ಹಾಗೆಯೇ ಉಳಿಸಿಕೊಂಡರು. ಬದಲಿಸಿದ್ದು ಬೇಟೆಗಾರನನ್ನು ಮಾತ್ರ. ಅಲ್ಲಿ ಎರಡು ಪದರದ ವ್ಯವಸ್ಥೆ ಇದೆ: ಮೇಲಿನ ಪದರಕ್ಕೆ ಆಟಗಾರ ಎಲ್ಲಿದ್ದಾನೆಂಬುದು ಸದಾ ಗೊತ್ತು, ಆದರೆ ಅದು ಆ ಜೀವಿಗೆ ಸ್ಥೂಲವಾದ ಸುಳಿವನ್ನಷ್ಟೇ ಕೊಡುತ್ತದೆ, ಜೀವಿ ತನ್ನ ಕಣ್ಣು ಕಿವಿಗಳಿಂದಲೇ ಹುಡುಕಬೇಕು. ಆಟಗಾರನ ಮೇಲೆ ಒತ್ತಡ ಬಹಳ ಹೆಚ್ಚಾದಾಗ ಮೇಲಿನ ಪದರ ಅದನ್ನು ಸ್ವಲ್ಪ ದೂರ ಸರಿಸುತ್ತದೆ. ಹೀಗಾಗಿ ಜೀವಿ ಯಾವ ಬಾಗಿಲಿನಿಂದ ಬರುತ್ತದೆ ಎಂದು ಬಾಯಿಪಾಠ ಮಾಡಿ ಪಾರಾಗುವ ದಾರಿಯೇ ಮುಚ್ಚಿಹೋಯಿತು.

ಪ್ರಶ್ನೆ: ನಾವು ಮೂವರು ಸ್ನೇಹಿತರು ಸೇರಿ, ಪ್ರತಿ ನಡೆಯನ್ನೂ ರದ್ದು ಮಾಡಿ ಹಿಂದಕ್ಕೆ ಹೋಗಬಹುದಾದ ಒಂದು ಪಜಲ್ ಗೇಮ್ ಮಾಡಿದ್ದೇವೆ. ಮುಂದೆ ರೇಸಿಂಗ್ ಅಥವಾ ಆನ್‌ಲೈನ್ ಫೈಟಿಂಗ್ ಆಟ ಮಾಡುವ ಆಸೆ ಇದೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ನೀವು ಮಾತಿನ ನಡುವೆ ಹೇಳಿದ ಆ ‘ಹಿಂದಕ್ಕೆ ಹೋಗುವ’ ಸೌಲಭ್ಯದಿಂದಲೇ. ಆಟದ ಸ್ಥಿತಿಯನ್ನು ಪೂರ್ತಿಯಾಗಿ ಉಳಿಸಿ, ಬೇಕಾದಾಗ ತಪ್ಪಿಲ್ಲದೆ ಮರಳಿ ತರುವುದು ನಿಮಗೆ ಬರುತ್ತದೆ. ಒಳ್ಳೆಯ ಆನ್‌ಲೈನ್ ಫೈಟಿಂಗ್ ಆಟಗಳು ಬಳಸುವ ರೋಲ್‌ಬ್ಯಾಕ್ ವಿಧಾನದ ತಳಹದಿಯೂ ಅದೇ: ದೂರದ ಎದುರಾಳಿ ಯಾವ ಗುಂಡಿ ಒತ್ತಿದನೆಂಬ ಸುದ್ದಿ ತಲುಪುವ ಮುನ್ನವೇ ಆಟ ಊಹಿಸಿ ಮುಂದುವರಿಯುತ್ತದೆ; ಊಹೆ ತಪ್ಪಾಗಿದ್ದರೆ ಕೆಲವು ಫ್ರೇಮ್ (ತೆರೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರ) ಹಿಂದಕ್ಕೆ ಹೋಗಿ, ಸರಿಯಾದ ಮಾಹಿತಿಯೊಂದಿಗೆ ಅಷ್ಟನ್ನೂ ಮತ್ತೆ ಲೆಕ್ಕ ಹಾಕುತ್ತದೆ. ಆದರೆ ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್ ಮಾತ್ರ, ಮತ್ತು ಒಂದೇ ಇನ್‌ಪುಟ್‌ಗೆ ಎರಡೂ ಯಂತ್ರಗಳಲ್ಲಿ ಒಂದೇ ಫಲಿತಾಂಶ ಬರಲೇಬೇಕು. ಇದರ ಜೊತೆಗೆ ಪ್ರತಿ ಪಾತ್ರದ ಪ್ರತಿ ಹೊಡೆತಕ್ಕೂ ಅನಿಮೇಶನ್ ಬೇಕು. ಮೂವರಿಗೆ ಇದು ಹೊರಲಾಗದ ಹೊರೆಯೆಂದು ನನಗೆ ತೋರುತ್ತದೆ.

ಆದ್ದರಿಂದ ನನ್ನ ಮತ ರೇಸಿಂಗ್ ಕಡೆಗೆ, ಅದೂ ಒಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಬಗೆಗೆ. ಅಪಘಾತವಾದರೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಸೌಲಭ್ಯ 2008ರ ‘ರೇಸ್ ಡ್ರೈವರ್: ಗ್ರಿಡ್’ನಲ್ಲೇ ಇತ್ತು, ಹಾಗಾಗಿ ಅದನ್ನು ಹಾಗೆಯೇ ಸೇರಿಸಿದರೆ ಯಾರೂ ಹೊಸತೆನ್ನುವುದಿಲ್ಲ. ಅಲ್ಲಿ ಅದು ತಪ್ಪನ್ನು ತಿದ್ದಿಕೊಳ್ಳಲು ಕೊಟ್ಟ ರಿಯಾಯಿತಿ. ಪಜಲ್ ಮಾಡಿದ ನಿಮಗೆ, ಹಿಂದಕ್ಕೆ ಹೋಗುವುದನ್ನೇ ಹಾದಿಯ ಒಗಟಿನ ಭಾಗವಾಗಿಸುವುದು ಸಾಧ್ಯ. ಉದಾಹರಣೆಗೆ, ರದ್ದು ಮಾಡಿದ ಓಟ ನೆರಳುಕಾರಾಗಿ ಹಾದಿಯಲ್ಲೇ ಉಳಿದು, ಮುಂದಿನ ಓಟಕ್ಕೆ ಅಡ್ಡಿಯೋ ಆಸರೆಯೋ ಆಗಬಹುದು. ಉಳಿದ ವಿಷಯಗಳಲ್ಲಿ, ಅಂದರೆ ಗುಂಡಿಗಳ ಜೋಡಣೆ, ಕ್ಯಾಮೆರಾದ ಜಾಗ, ತಿರುವಿನ ಸೂಚನೆಗಳಲ್ಲಿ, ಆ ಪ್ರಕಾರದ ರೂಢಿಯನ್ನು ಮುರಿಯಬೇಡಿ. ಮೊದಲ ತಿಂಗಳು ಬೂದು ಬಣ್ಣದ ನೆಲ, ಒಂದು ಡಬ್ಬಿಯಂತಹ ಕಾರು, ಮೂರು ತಿರುವುಗಳು ಸಾಕು. ರೇಸಿಂಗ್ ಆಟಗಳನ್ನು ಚೆನ್ನಾಗಿ ಬಲ್ಲ ಇಬ್ಬರ ಕೈಗೂ, ಅವನ್ನು ಎಂದೂ ಆಡದ ಇಬ್ಬರ ಕೈಗೂ ಕಂಟ್ರೋಲರ್ ಕೊಟ್ಟು, ಏನನ್ನೂ ವಿವರಿಸದೆ ನೋಡಿ. ನೆರಳುಕಾರನ್ನು ಅವರು ತಾವಾಗಿಯೇ ಬಳಸಲು ಆರಂಭಿಸಿದರೆ ಎರಡನೆಯ ಹಾದಿಯನ್ನು ಕಟ್ಟಿ. ಇಲ್ಲದಿದ್ದರೆ ಕಾರಿಗೆ ಬಣ್ಣ ಬಳಿಯುವ ಮುನ್ನವೇ ಆ ನಿಯಮವನ್ನು ಬದಲಿಸಿ.