ಅಕ್ಕಿಯೋ ದುಡ್ಡೋ? ಅತ್ತೆ, ಸೊಸೆ ಮತ್ತು ಒಂದು ಬಾಗಿದ ಗೆರೆ

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಔದಾಸೀನ್ಯ ವಕ್ರರೇಖೆಯ ಪಾಠ ಬಾಯಿಪಾಠ ಮಾಡಿದ್ದೇನೆ, ಆದರೆ ತಲೆಗೆ ಹತ್ತಿಲ್ಲ. ಉದಾಸೀನ ಅಂದರೆ ಅಸಡ್ಡೆ ತಾನೇ? ಕೊಳ್ಳುವವನಿಗೆ ಯಾವುದರ ಮೇಲೆ ಅಸಡ್ಡೆ? ಆ ಗೆರೆ ಮೂಲಬಿಂದುವಿನ ಕಡೆಗೇ ಯಾಕೆ ಬಾಗಬೇಕು? (ಹಾಸನ)

ಉತ್ತರ: ಮೊದಲು ಆ ಹೆಸರಿಗೇ ಎರಡು ಬೈಯೋಣ. ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ. ಇಲ್ಲಿ ಉದಾಸೀನ ಅಂದರೆ ಅಸಡ್ಡೆ ಅಲ್ಲ. ನೆಂಟರ ಮನೆಗೆ ಹೋದಾಗ "ಕಾಫಿನಾ, ಟೀನಾ?" ಅಂತ ಕೇಳಿದರೆ "ಯಾವ್ದಾದ್ರೂ ಸರಿ" ಅಂತೀವಲ್ಲ, ಅದು. ಗೆರೆಯ ಒಂದೊಂದು ಚುಕ್ಕಿಯೂ ಎರಡು ವಸ್ತುಗಳ ಒಂದು ಜೋಡಿ: ಇದು ಇಷ್ಟು, ಅದು ಅಷ್ಟು. ಒಂದು ಗೆರೆಯ ಮೇಲಿರುವ ಎಲ್ಲ ಚುಕ್ಕಿಗಳೂ ಕೊಳ್ಳುವವರ ಪಾಲಿಗೆ "ಯಾವ್ದಾದ್ರೂ ಸರಿ".

ನಿಮ್ಮ ಪುಸ್ತಕದಲ್ಲಿ ಬಾಳೆಹಣ್ಣು, ಮಾವಿನಹಣ್ಣು ಇದೆ. ಅದನ್ನು ಬಿಟ್ಟು ತಿಂಡಿಗೆ ಬನ್ನಿ. ನಿಮ್ಮ ತಟ್ಟೆಯಲ್ಲಿ ಆರು ಇಡ್ಲಿ, ಒಂದು ವಡೆ ಇದೆ. ಎದುರಿಗೆ ಕೂತ ಗೆಳತಿ "ಇನ್ನೊಂದು ವಡೆ ಕೊಡ್ತೀನಿ, ಎಷ್ಟು ಇಡ್ಲಿ ಕೊಡ್ತೀಯಾ?" ಅಂತಾಳೆ. ಆರು ಇಡ್ಲಿ ಯಾರು ತಿಂತಾರೆ? ಎರಡು ಕೊಟ್ಟರೂ ನಿಮಗೆ ನಷ್ಟ ಅನಿಸುವುದಿಲ್ಲ. ಮೂರು ಕೇಳಿದರೆ ಮಾತ್ರ "ಹೋಗೇ" ಅಂತೀರಿ. ಈಗ ನಾಲ್ಕು ಇಡ್ಲಿ, ಎರಡು ವಡೆ ಆಯಿತು. ಮೂರನೇ ವಡೆಗೆ ಒಂದೇ ಇಡ್ಲಿ. ಈಗ ಮೂರು, ಮೂರು. ನಾಲ್ಕನೇ ವಡೆಗೆ ಅರ್ಧ ಇಡ್ಲಿ ಮುರಿದು ಕೊಟ್ಟರೆ ಜಾಸ್ತಿ. ಅಷ್ಟು ಹೊತ್ತಿಗೆ ಎಣ್ಣೆ ಗಂಟಲಿಗೆ ಬಂದಿರುತ್ತದೆ.

ವಡೆಯನ್ನು ಅಡ್ಡಕ್ಕೆ, ಇಡ್ಲಿಯನ್ನು ಉದ್ದಕ್ಕೆ ಇಟ್ಟು ಈ ನಾಲ್ಕು ಚುಕ್ಕಿ ಸೇರಿಸಿ. ಗೆರೆ ಮೊದಲು ಕಡಿದಾಗಿ ಇಳಿದು, ಆಮೇಲೆ ಮಲಗುತ್ತಾ ಹೋಗುತ್ತದೆ. ಅದಕ್ಕೇ ಅದರ ಹೊಟ್ಟೆ ಮೂಲಬಿಂದುವಿನ ಕಡೆಗೆ, ಅಂದರೆ ಎರಡೂ ಸೊನ್ನೆ ಇರುವ ಮೂಲೆಯ ಕಡೆಗೆ, ಬಾಗಿರುತ್ತದೆ. ಎರಡು, ಒಂದು, ಅರ್ಧ. ಇನ್ನೊಂದು ವಡೆಗೆ ಎಷ್ಟು ಇಡ್ಲಿ ಬಿಡುತ್ತೀರಿ ಅನ್ನುವ ಈ ಲೆಕ್ಕಕ್ಕೇ ಸೀಮಾಂತ ಬದಲಿ ದರ ಅಂತ ಹೆಸರು. ಅದು ಹೀಗೆ ಇಳಿಯುತ್ತಾ ಹೋಗುತ್ತದೆ. ನಮ್ಮ ಹತ್ತಿರ ಯಾವುದು ಕಡಿಮೆಯೋ ಅದರ ಮೇಲೆ ಆಸೆ ಜಾಸ್ತಿ, ಅಷ್ಟೇ.

ಎಲ್ಲ ಗೆರೆಯೂ ಬಾಗಲೇಬೇಕು ಅಂತಿಲ್ಲ. ನೂರರ ಒಂದು ನೋಟು, ಐವತ್ತರ ಎರಡು ನೋಟು: ಇಲ್ಲಿ ಯಾವಾಗಲೂ ಒಂದಕ್ಕೆ ಎರಡೇ, ಹಾಗಾಗಿ ಗೆರೆ ನೆಟ್ಟಗೆ. ಎಡ ಚಪ್ಪಲಿ, ಬಲ ಚಪ್ಪಲಿ ಆದರೆ ಗೆರೆ ಗೋಡೆ ಮೂಲೆಯ ಹಾಗೆ ಮಡಚುತ್ತದೆ. ಬಲಗಾಲಿನ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಹೋದ ಮೇಲೆ ಹತ್ತು ಎಡ ಚಪ್ಪಲಿ ಕೊಟ್ಟರೂ ಏನು ಪ್ರಯೋಜನ?

ಪರೀಕ್ಷೆಗೆ ಬರುವ ಇನ್ನೊಂದು: ಎರಡು ಗೆರೆ ಯಾಕೆ ಒಂದನ್ನೊಂದು ಕತ್ತರಿಸುವುದಿಲ್ಲ? ಕತ್ತರಿಸಿದರೆ ಆ ಕೂಡುವ ಚುಕ್ಕಿ ಎರಡೂ ಗೆರೆಗೆ ಸಮ ಆಗಬೇಕು. ಆಗ ಎರಡು ಗೆರೆಯೂ ಒಂದಕ್ಕೊಂದು ಸಮ. ಆದರೆ ಸ್ವಲ್ಪ ಪಕ್ಕಕ್ಕೆ ಸರಿದು ನೋಡಿ, ಒಂದು ಗೆರೆಯಲ್ಲಿ ಇಡ್ಲಿಯೂ ಜಾಸ್ತಿ, ವಡೆಯೂ ಜಾಸ್ತಿ ಇರುವ ಚುಕ್ಕಿ ಸಿಗುತ್ತದೆ. ಅದು ಹೇಗೆ ಸಮ ಆದೀತು? ಇಷ್ಟು ಬರೆದರೆ ಸಾಕು.

ಪ್ರಶ್ನೆ: 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಬದಲು ಖಾತೆಗೆ ದುಡ್ಡು ಬರುತ್ತಿತ್ತು. ನಮ್ಮ ಮನೆಯಲ್ಲಿ ಮುದ್ದೆಯೇ ಜಾಸ್ತಿ. ಹಾಗಾಗಿ ದುಡ್ಡೇ ವಾಸಿ ಅನ್ನೋದು ನನ್ನ ವಾದ. ನಮ್ಮತ್ತೆ ಅಕ್ಕಿನೇ ಬೇಕು ಅಂತಾರೆ. ಡಿಗ್ರಿ ಓದುವ ಮಗ "ಎಕನಾಮಿಕ್ಸ್ ಪ್ರಕಾರ ಯಾವಾಗಲೂ ದುಡ್ಡೇ ಮೇಲು" ಅಂತಾನೆ. ಯಾರು ಸರಿ? (ಗೃಹಿಣಿ, ಮಂಡ್ಯ ಜಿಲ್ಲೆ)

ಉತ್ತರ: ನಿಮ್ಮ ಮಗ ಚೆನ್ನಾಗಿ ಓದಿದ್ದಾನೆ, ಆದರೆ ಅಧ್ಯಾಯದ ಕೊನೆ ಪುಟ ಬಿಟ್ಟಿದ್ದಾನೆ ಅನಿಸುತ್ತದೆ.

ಅವನು ಹೇಳುತ್ತಿರುವುದು ಇದು. ಕೈಗೆ ದುಡ್ಡು ಬಂದರೆ ಬೇಕಾದರೆ ಅಕ್ಕಿ ತರಬಹುದು, ಬೇಡ ಅಂದರೆ ರಾಗಿ ತರಬಹುದು. ಅಕ್ಕಿಯೇ ಬಂದರೆ ಆ ಆಯ್ಕೆ ಇಲ್ಲ. ಅಕ್ಕಿಯಲ್ಲಿ ಸಿಗುವುದೆಲ್ಲ ದುಡ್ಡಿನಲ್ಲೂ ಸಿಗುತ್ತದೆ, ಮೇಲೆ ಇನ್ನಷ್ಟೂ ಸಿಗುತ್ತದೆ. ಹಾಗಾಗಿ ದುಡ್ಡು ಪಡೆದವರು ಮೇಲಿನ, ಅಂದರೆ ಹೆಚ್ಚು ತೃಪ್ತಿಯ, ಗೆರೆಯಲ್ಲಿರುತ್ತಾರೆ, ಇಲ್ಲವೇ ಅದೇ ಗೆರೆಯಲ್ಲಿರುತ್ತಾರೆ, ಕೆಳಗಂತೂ ಇಳಿಯುವುದಿಲ್ಲ. ಇದರಲ್ಲಿ ತಪ್ಪಿಲ್ಲ. ಆದರೆ ಒಂದು ಷರತ್ತಿದೆ: ಕೊಟ್ಟ ದುಡ್ಡು ಅಷ್ಟೇ ಅಕ್ಕಿಯ ಅಂಗಡಿ ಬೆಲೆಗೆ ಸಮ ಇರಬೇಕು.

ಇದ್ದಿತಾ? ನೆನಪಿಸಿಕೊಳ್ಳಿ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅಕ್ಕಿ ಹೊಂದಿಸಲಾಗದೆ ಜುಲೈನಿಂದ ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ, ಐದು ಕಿಲೋಗೆ ತಲಾ 170 ರೂಪಾಯಿ ಹಾಕಿತು. ಆ 34 ಕೇಂದ್ರದ ಅಕ್ಕಿ ದಾಸ್ತಾನು ಮಾಡುವ ಆಹಾರ ನಿಗಮದ ದರ. ನಿಮ್ಮೂರ ಅಂಗಡಿಯ ದರ ಅಲ್ಲ.

ನಾಲ್ಕು ಜನರ ಮನೆ ಲೆಕ್ಕ ಹಾಕೋಣ. 20 ಕಿಲೋ ಹೆಚ್ಚುವರಿ ಅಕ್ಕಿ, ಇಲ್ಲವೇ 680 ರೂಪಾಯಿ. ಅಂಗಡಿಯಲ್ಲಿ ಅಕ್ಕಿ 45 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂರು ಹೊತ್ತೂ ಅನ್ನ ಉಣ್ಣುವ ಮನೆಯವರು 680ಕ್ಕೆ 15 ಕಿಲೋ ತರಬಹುದು, ಮೇಲೆ ಐದು ರೂಪಾಯಿ ಚಿಲ್ಲರೆ. ಹತ್ತಿರ ಹತ್ತಿರ ಐದು ಕಿಲೋ ಖೋತಾ. ಅವರಿಗೆ ಅಕ್ಕಿಯೇ ಮೇಲು.

ಈಗ ನಿಮ್ಮ ಮನೆ. ಕೇಂದ್ರದ ಪಾಲಿನ ಅಕ್ಕಿಯೇ ನಿಮಗೆ ಸಾಕು ಅಂದುಕೊಳ್ಳೋಣ. ಮೇಲಿನ 20 ಕಿಲೋ ಮೂಲೆಯಲ್ಲಿ ಕೂತು ಹುಳ ಹಿಡಿಯುತ್ತದೆ. ರೇಷನ್ ಅಕ್ಕಿ ಮಾರುವುದು ಅಪರಾಧ. ಆದರೂ ಗಾಡಿಯವನು ಮನೆ ಬಾಗಿಲಿಗೇ ಬರುತ್ತಾನೆ, ಅಲ್ವಾ? ಅವನು ಕಿಲೋಗೆ 15 ಕೊಟ್ಟರೆ 300 ರೂಪಾಯಿ. ದುಡ್ಡು ಬಂದಿದ್ದರೆ 680. ನಿಮಗೆ ದುಡ್ಡೇ ಮೇಲು, ಅದೂ ದುಪ್ಪಟ್ಟಿಗಿಂತ ಜಾಸ್ತಿ. ಒಂದೇ ಯೋಜನೆ, ಎರಡು ಮನೆ, ಎರಡು ಉತ್ತರ. 45 ಮತ್ತು 15 ನಾನು ಉದಾಹರಣೆಗೆ ಹಾಕಿದ ಅಂಕಿ. ನಿಮ್ಮೂರ ದರ ಹಾಕಿ ನೀವೇ ಇನ್ನೊಮ್ಮೆ ಲೆಕ್ಕ ಮಾಡಿ.

ಅಕ್ಕಿ ಅಂದರೆ ಒಂದೇ ವಸ್ತುವೂ ಅಲ್ಲ. ಕರಾವಳಿಯವರು ರೇಷನ್ನಿನಲ್ಲಿ ಕುಚ್ಚಲಕ್ಕಿ ಕೊಡಿ ಅಂತ ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ಬೆಳ್ತಿಗೆ, ಅಂದರೆ ಕುದಿಸದ ಬಿಳಿ ಅಕ್ಕಿಯ ಚೀಲ ಅವರ ಗೆರೆಯನ್ನು ಹೆಚ್ಚೇನೂ ಮೇಲೆತ್ತುವುದಿಲ್ಲ.

ಇನ್ನು ನಿಮ್ಮತ್ತೆ. ಅವರನ್ನು ಸುಮ್ನೆ ಹಳೇ ಕಾಲದವರು ಅಂತ ಪಕ್ಕಕ್ಕೆ ಇಡಬೇಡಿ. ಅವರ ವಾದದಲ್ಲಿ ಪುಸ್ತಕಕ್ಕೆ ಸಿಗದ ಎರಡು ಅಂಶ ಇವೆ. ಒಂದು, 170 ರೂಪಾಯಿ 170 ಆಗಿಯೇ ಇರುತ್ತದೆ. ಅಂಗಡಿಯ ಅಕ್ಕಿ ದರ ಹಾಗಿರುವುದಿಲ್ಲ. ಅಕ್ಕಿ ಪಡೆದವರಿಗೆ ಬೆಲೆ ಏರಿದರೂ ಐದು ಕಿಲೋ ಐದೇ ಕಿಲೋ. ಎರಡನೆಯದು ಇನ್ನೂ ದೊಡ್ಡದು. ಪುಸ್ತಕ ಒಂದು ಮನೆಗೆ ಒಂದೇ ಮನಸ್ಸು ಅಂದುಕೊಂಡು ಗೆರೆ ಎಳೆಯುತ್ತದೆ. ನಿಜವಾದ ಮನೆಯಲ್ಲಿ ಅಡುಗೆಮನೆಗೆ ಒಂದು ಗೆರೆ, ಜಗಲಿಗೆ ಇನ್ನೊಂದು. ಅಕ್ಕಿ ಮೂಟೆ ಒಳಗೆ ಬಂದರೆ ಅನ್ನವೇ ಆಗುತ್ತದೆ. ಖಾತೆಗೆ ಬಂದ ದುಡ್ಡು ಸಂಘದ ಕಂತಾಗಬಹುದು, ಮೊಬೈಲ್ ರೀಚಾರ್ಜ್ ಆಗಬಹುದು, ಸಂಜೆ ಹೊತ್ತು ಇನ್ನೇನೋ ಆಗಬಹುದು. ದುಡ್ಡು ಮನೆಯ ಯಜಮಾನಿಯ ಖಾತೆಗೇ ಬಂದರೂ ಎಟಿಎಂ ಕಾರ್ಡ್ ಯಾರ ಜೇಬಲ್ಲಿದೆ ಅನ್ನುವುದು ಬೇರೆ ಪ್ರಶ್ನೆ. ನನ್ನನ್ನು ಕೇಳಿದರೆ, ಲೆಕ್ಕದಲ್ಲಿ ನೀವು ಸರಿ, ಅನುಭವದಲ್ಲಿ ಅತ್ತೆ ಸರಿ. ಮಗನಿಗೆ "ಯಾವಾಗಲೂ" ಅನ್ನುವ ಪದ ತೆಗೆಯಲು ಹೇಳಿ.

2025ರ ಫೆಬ್ರುವರಿಯಿಂದ ದುಡ್ಡು ನಿಂತು ಮತ್ತೆ ಅಕ್ಕಿ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಸಂಪುಟ ತೀರ್ಮಾನಿಸಿತು. ಕಿಟ್ ಅಂದರೆ ಇಡ್ಲಿ ವಡೆ ಲೆಕ್ಕವೇ. ಅಕ್ಕಿ ತುಂಬಿರುವ ಮನೆಗೆ ಇನ್ನೂ ಅಕ್ಕಿ ಬಂದರೆ ಆರನೇ ಇಡ್ಲಿ. ಒಂದು ಕಿಲೋ ಬೇಳೆ ಬಂದರೆ ಎರಡನೇ ವಡೆ.

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ ನಾನು. 40 ವರ್ಷದ ಹಿಂದೆ ಬಿಕಾಂನಲ್ಲಿ ಈ ಗೆರೆ ಎಳೆದದ್ದೇ ಎಳೆದದ್ದು. ಇದನ್ನು ಯಾರಾದರೂ ನಿಜವಾಗಿ ಅಳೆದಿದ್ದಾರಾ? (ಧಾರವಾಡ)

ಉತ್ತರ: ಪ್ರಯತ್ನ ಪಟ್ಟಿದ್ದಾರೆ. 1881ರಲ್ಲಿ ಅರ್ಥಶಾಸ್ತ್ರಜ್ಞ ಎಜ್‌ವರ್ತ್ ಈ ಗೆರೆಯ ಕಲ್ಪನೆ ತಂದಾಗ, ತೃಪ್ತಿಯನ್ನು ತೂಕ ಹಾಕಿ ಅಳೆಯಬಹುದು ಅಂತಲೇ ನಂಬಿದ್ದರು. ಅಳತೆ ಬೇಡ, ಯಾವುದು ಹೆಚ್ಚು ಇಷ್ಟ ಅನ್ನುವ ಸರದಿ ಗೊತ್ತಾದರೆ ಸಾಕು ಎಂದವರು ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊ. 1934ರಲ್ಲಿ ಹಿಕ್ಸ್ ಮತ್ತು ಅಲೆನ್ ಅದನ್ನು ಇಂದಿನ ಪಾಠದ ರೂಪಕ್ಕೆ ತಂದರು. ನಡುವೆ 1931ರಲ್ಲಿ ಥರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ ಒಬ್ಬರನ್ನು ಕೂರಿಸಿಕೊಂಡು ಟೋಪಿ, ಬೂಟು, ಕೋಟುಗಳ ಬೇರೆ ಬೇರೆ ಜೋಡಿ ಹೇಳಿ "ಇದು ಬೇಕಾ, ಅದು ಬೇಕಾ" ಅಂತ ಕೇಳಿ ಗೆರೆ ಎಳೆದರು. ಬರೀ ಬಾಯಿಮಾತಿನ ಉತ್ತರ ನಂಬೋದು ಹೇಗೆ ಅಂತ ಆಮೇಲೆ ಟೀಕೆ ಬಂತು.

ನನಗೆ ಹೆಚ್ಚು ಇಷ್ಟವಾದದ್ದು 1989ರಲ್ಲಿ ಪ್ರಕಟವಾದ ಕೆನಡಾದ ಅರ್ಥಶಾಸ್ತ್ರಜ್ಞ ಜ್ಯಾಕ್ ಕ್ನೆಚ್ ಅವರ ಪ್ರಯೋಗ. ಒಂದು ಗುಂಪಿಗೆ ಕಾಫಿ ಮಗ್ ಕೊಟ್ಟು, ಬೇಕಾದರೆ ಇದನ್ನು ಕೊಟ್ಟು ಚಾಕೊಲೇಟ್ ತೆಗೆದುಕೊಳ್ಳಿ ಅಂದರು. ನೂರಕ್ಕೆ 89 ಮಂದಿ ಮಗ್ಗನ್ನೇ ಇಟ್ಟುಕೊಂಡರು. ಇನ್ನೊಂದು ಗುಂಪಿಗೆ ಮೊದಲು ಚಾಕೊಲೇಟ್ ಕೊಟ್ಟರು. ಅವರಲ್ಲಿ ಮಗ್ ಬೇಕು ಅಂದವರು ನೂರಕ್ಕೆ 10 ಮಾತ್ರ. ಮೊದಲೇ ಏನೂ ಕೊಡದೆ ಆರಿಸಿಕೊಳ್ಳಿ ಅಂದ ಗುಂಪಿನಲ್ಲಿ ಮಗ್ ಆರಿಸಿದವರು ನೂರಕ್ಕೆ 56. ಅಂದರೆ ಗೆರೆ ಎಲ್ಲಿಂದ ಎಳೆಯಲು ಶುರು ಮಾಡುತ್ತೀರಿ ಅನ್ನುವುದರ ಮೇಲೆ ಗೆರೆಯೇ ಬೇರೆಯಾಗುತ್ತದೆ. ಕೈಯಲ್ಲಿರುವುದನ್ನು ಬಿಡಲು ಮನಸ್ಸು ಬರುವುದಿಲ್ಲ.

ಹಾಗಾಗಿ ಅಕ್ಕಿ ಬೇಕಾ ದುಡ್ಡು ಬೇಕಾ ಅಂತ ಮನೆಮನೆಗೆ ಹೋಗಿ ಕೇಳುವವರು, ಆ ಮನೆಗೆ ಸದ್ಯ ಬರುತ್ತಿರುವುದು ಯಾವುದು ಅಂತ ಮೊದಲು ಬರೆದುಕೊಳ್ಳಬೇಕು.