ಕಲಬುರಗಿಯಲ್ಲಿ ಬಾಡಿಗೆ ಫ್ಲ್ಯಾಟ್ ಹಿಡಿಯುವುದು ಹೇಗೆ? ಮೊದಲು ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ

ನೀವು ಮೈಸೂರಿನವರು. ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಕೆಲಸ ಸಿಕ್ಕಿದೆ, ಹೆಂಡತಿ ಮತ್ತು ಮೂರು ವರ್ಷದ ಮಗಳ ಜೊತೆ ಬರುತ್ತಿದ್ದೀರಿ. ಇದುವರೆಗೆ ಬಾಡಿಗೆ ಮನೆಯಲ್ಲಿ ಇದ್ದೇ ಇಲ್ಲ, ಫ್ಲ್ಯಾಟ್ ಹಿಡಿಯಲು ಮೊದಲಿನಿಂದ ಕೊನೆಯವರೆಗೆ ಏನೇನು ಮಾಡಬೇಕು ಅಂತ ಕೇಳಿದ್ದೀರಿ. ನಾನು ಯಾದಗಿರಿ ಕಡೆಯವನು. ಈ ಊರಿಗೆ ಬಂದು ಹದಿಮೂರು ವರ್ಷವಾಯಿತು, ಈಗಿರುವುದು ನಾಲ್ಕನೇ ಬಾಡಿಗೆ ಮನೆ. ಮೊದಲ ಮೂರರಲ್ಲಿ ತಿಂದ ಪೆಟ್ಟಿನಿಂದ ಕಲಿತದ್ದನ್ನು ಬರೆಯುತ್ತೇನೆ.

ಈ ಊರಲ್ಲಿ ಮನೆ ನೋಡುವುದು ಅಂದರೆ ಬಿಸಿಲು ಮತ್ತು ನೀರು ನೋಡುವುದು. ಟೈಲ್ಸ್, ಕಿಚನ್ ಕಪಾಟು, ಚಾವಣಿಯ ಪಿಒಪಿ ಅಲಂಕಾರ ಎಲ್ಲ ಆಮೇಲೆ.

ನನ್ನ ಮೊದಲ ಮನೆ ಮೂರನೇ ಮಹಡಿ, ಅದರ ಮೇಲೆ ಬರೀ ಛತ್ತು. ಡಿಸೆಂಬರಿನಲ್ಲಿ ನೋಡಿದ್ದೆ. ಏನು ಗಾಳಿ, ಏನು ಬೆಳಕು! ಅಲ್ಲೇ ಅಡ್ವಾನ್ಸ್ ಕೊಟ್ಟುಬಿಟ್ಟೆ. ಏಪ್ರಿಲ್ ಬಂತು. ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿ. ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಸುತ್ತುತ್ತಿತ್ತು. ಮೇಲಿನ ಟಾಕಿಯ ನೀರು ಎಷ್ಟು ಕಾಯುತ್ತಿತ್ತು ಅಂದರೆ, ಮಗನಿಗೆ ಸಂಜೆ ಸ್ನಾನ ಮಾಡಿಸಲು ಬೆಳಿಗ್ಗೆಯೇ ಬಕೆಟ್ ತುಂಬಿಸಿ ಒಳಗೆ ಇಡುತ್ತಿದ್ದೆವು. ಇಲ್ಲಿ ಬೇಸಿಗೆಯಲ್ಲಿ 42-43 ಡಿಗ್ರಿ ಮುಟ್ಟುವುದು ಸುದ್ದಿಯೇ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಮೈಸೂರಿನ ಬಿಸಿಲನ್ನು ಲೆಕ್ಕಕ್ಕೆ ಇಟ್ಟುಕೊಂಡು ಬರಬೇಡಿ.

ಹಾಗಾಗಿ ಮನೆ ನೋಡಲು ಮಧ್ಯಾಹ್ನ ಮೂರಕ್ಕೇ ಹೋಗಿ. ಬ್ರೋಕರ್ ‘ಬಿಸಿಲಾಗ ಯಾಕ್ರೀ ಸರ್, ಸಂಜಿ ಆರಕ್ಕ ಬರ್ರಿ, ತಂಪಿರ್ತದ’ ಅನ್ನುತ್ತಾನೆ. ಆ ತಂಪಿನಲ್ಲೇ ನಾನು ಮೋಸ ಹೋಗಿದ್ದು. ಮೂರು ಗಂಟೆಗೆ ಹೋಗಿ ಬೆಡ್‌ರೂಮಿನ ಪಡುವಣ ಗೋಡೆಗೆ ಅಂಗೈ ಇಡಿ. ಗೊತ್ತಾಗುತ್ತದೆ. ಮೇಲೊಂದು ಮಹಡಿ ಇರುವ ಮನೆಯೇ ಬೇಕು ಅಂತ ಹಟ ಹಿಡಿಯಿರಿ, ಬಾಡಿಗೆ ಐನೂರು ಜಾಸ್ತಿಯಾದರೂ ಪರವಾಗಿಲ್ಲ. ಕೂಲರ್ ಇಡಲು ಕಿಟಕಿ ಇದೆಯಾ, ಅದರ ಹತ್ತಿರ ಪ್ಲಗ್ ಇದೆಯಾ ನೋಡಿ. ಕೂಲರ್ ಕಿಟಕಿಯ ಹೊರಗೆ ಕೂರಬೇಕು. ಮುಚ್ಚಿದ ಕೋಣೆಯೊಳಗೆ ಇಟ್ಟರೆ ಬರೀ ಹಸಿ ಹಸಿ, ಮೈಯೆಲ್ಲ ಅಂಟು.

ಇನ್ನು ನೀರು. ಊರಿಗೆ ಭೀಮಾ ನದಿಯಿಂದಲೂ ಬೆಣ್ಣೆತೊರಾ ಜಲಾಶಯದಿಂದಲೂ ನೀರು ಬರುತ್ತದೆ. ಆದರೆ ಒಂದೊಂದು ಬಡಾವಣೆಯ ಕಥೆ ಒಂದೊಂದು. ಮಾಲಕರನ್ನು ಕೇಳಿದರೆ ‘ನೀರಿಂದು ಏನೂ ತ್ರಾಸಿಲ್ರೀ’ ಅನ್ನುತ್ತಾರೆ, ಎಲ್ಲರೂ ಅದನ್ನೇ ಅನ್ನುತ್ತಾರೆ. ಅವರನ್ನು ಕೇಳಬೇಡಿ. ಕೆಳಗಿನ ವಾಚ್‌ಮನ್ ಅಥವಾ ಪಕ್ಕದ ಮನೆಯ ಅಕ್ಕೋರನ್ನು ಕೇಳಿ: ‘ನಳ ಎಷ್ಟು ದಿನಕ್ಕೊಮ್ಮೆ ಬರ್ತದ್ರೀ? ಹೋದ ಮೇ ತಿಂಗಳಾಗ ಟ್ಯಾಂಕರ್ ಎಷ್ಟು ಬಂದಿದ್ವು?’ ಎರಡನೇ ಪ್ರಶ್ನೆಗೆ ಬರುವ ಉತ್ತರವೇ ನಿಜವಾದ ಉತ್ತರ. ಸಂಪ್ ಎಷ್ಟು ದೊಡ್ಡದು, ಎಷ್ಟು ಮನೆಗೆ ಹಂಚಿಕೆ, ಟ್ಯಾಂಕರ್ ದುಡ್ಡು ಮೇಂಟೆನೆನ್ಸ್‌ನಲ್ಲಿ ಸೇರಿದೆಯಾ ಬೇರೆಯಾ, ಇಷ್ಟು ಕೇಳಲೇಬೇಕು.

ಬೋರಿನ ನೀರು ಬಹಳ ಕಡೆ ಸವಳು. ಬಾತ್‌ರೂಮಿನ ನಲ್ಲಿಯ ಬಾಯಿ ನೋಡಿ. ಬಿಳಿ ಪದರ ಕಟ್ಟಿದ್ದರೆ ಗೀಸರ್ ಬೇಗ ಕೆಡುತ್ತದೆ, ಬೇಳೆ ಬೇಯುವುದೂ ನಿಧಾನ. ತೊಗರಿಯ ಊರಿನಲ್ಲಿ ಕುಳಿತು ಬೇಳೆ ಬೇಯದಿದ್ದರೆ ಹೇಗೆ ಹೇಳಿ! ಕುಡಿಯಲು ಹೆಚ್ಚಿನವರು ಫಿಲ್ಟರ್ ನೀರಿನ ಕ್ಯಾನ್ ತರಿಸುತ್ತಾರೆ, ಆ ಖರ್ಚೂ ಲೆಕ್ಕದಲ್ಲಿರಲಿ.

ಗೋಡೆಯ ಬಿರುಕು ನೋಡಿದರೆ ಕೂಡಲೇ ಹೆದರಬೇಡಿ. ಇಲ್ಲಿ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಜೊತೆಗೆ ಮನೆಯನ್ನೂ ಅಲ್ಲಾಡಿಸುತ್ತದೆ. ಕೂದಲೆಳೆಯ ಗೆರೆ ಎಲ್ಲ ಮನೆಯಲ್ಲೂ ಇರುತ್ತದೆ. ಬಾಗಿಲ ಮೂಲೆಯಿಂದ ಓರೆಯಾಗಿ ಹೋದ, ಬೆರಳು ತೂರುವಂಥ ಬಿರುಕಾದರೆ ಬಿಟ್ಟುಬಿಡಿ. ಮನೆಯ ಮುಂದಿನ ರಸ್ತೆಗೆ ಡಾಂಬರೋ ಸಿಮೆಂಟೋ ಬಿದ್ದಿದೆಯಾ ನೋಡಿ. ಹೊಸ ಲೇಔಟ್‌ಗಳಲ್ಲಿ ಬಾಡಿಗೆ ಕಡಿಮೆ, ನಿಜ. ಆದರೆ ಎರೆ ರಸ್ತೆಯಲ್ಲಿ ಜುಲೈ ತಿಂಗಳು ಸ್ಕೂಟರ್ ಓಡಿಸಿದವನಿಗೇ ಗೊತ್ತು, ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ ಚಕ್ರವೇ ತಿರುಗುವುದಿಲ್ಲ.

ಎಲ್ಲಿ ಹುಡುಕಬೇಕು? ಸೇಡಂ ರಸ್ತೆಯಲ್ಲೇ ಕೆಲಸ ಅಂದಮೇಲೆ ಆ ರಸ್ತೆಯ ಆಚೀಚೆ, ರಿಂಗ್ ರೋಡಿನ ಹತ್ತಿರ ಶುರುಮಾಡಿ. ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು), ಇಎಸ್‌ಐಸಿ ವೈದ್ಯಕೀಯ ಕಾಲೇಜು, ಗುಲಬರ್ಗಾ ವಿಶ್ವವಿದ್ಯಾಲಯ ಎಲ್ಲ ಅದೇ ಸಾಲಿನಲ್ಲಿ ಇರುವುದರಿಂದ ಡಾಕ್ಟರು, ನರ್ಸು, ವಿದ್ಯಾರ್ಥಿಗಳು ಅಲ್ಲೇ ಮನೆ ಹುಡುಕುತ್ತಾರೆ, ಬಾಡಿಗೆಯೂ ಸ್ವಲ್ಪ ಬಿಗಿ. ಜೇವರ್ಗಿ ರಸ್ತೆ ಕಡೆ ಅಪಾರ್ಟ್‌ಮೆಂಟ್ ಜಾಸ್ತಿ. ಸೂಪರ್ ಮಾರ್ಕೆಟ್ ಸುತ್ತ ಎಲ್ಲವೂ ಕೈಗೆ ಸಿಗುತ್ತದೆ, ಕಾರ್ ನಿಲ್ಲಿಸಲು ಜಾಗ ಮಾತ್ರ ಸಿಗುವುದಿಲ್ಲ. ಮೊದಲ ವಾರ ಲಾಡ್ಜಿನಲ್ಲೋ ಪರಿಚಯದವರ ಮನೆಯಲ್ಲೋ ಇದ್ದು, ನಿಮಗೆ ಒಪ್ಪಿದ ಎರಡು ಬಡಾವಣೆಗಳಲ್ಲಿ ನಡೆದಾಡಿ ಟು-ಲೆಟ್ ಬೋರ್ಡ್ ಹುಡುಕಿ. ಒಳ್ಳೆಯ ಮನೆಗಳು ಆನ್‌ಲೈನಿಗೆ ಬರುವ ಮೊದಲೇ ಹೋಗಿಬಿಡುತ್ತವೆ. ಕಿರಾಣಿ ಅಂಗಡಿಯವರನ್ನು ‘ಇಲ್ಲೆಲ್ಲರ ಮನಿ ಖಾಲಿ ಅದ ಏನ್ರಿ?’ ಅಂತ ಕೇಳಿ. ಅವರಿಗೆ ಗೊತ್ತಿಲ್ಲದ ಖಾಲಿ ಮನೆ ಇರುವುದಿಲ್ಲ. ಬ್ರೋಕರ್ ಹಿಡಿದರೆ ಕಮಿಷನ್ ಎಷ್ಟು ಅಂತ ಮನೆ ತೋರಿಸುವ ಮೊದಲೇ ಮಾತಾಡಿಕೊಳ್ಳಿ, ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ.

ಆನ್‌ಲೈನಿನಲ್ಲಿ ಒಂದು ಮೋಸ ಹಳೆಯದಾದರೂ ಇನ್ನೂ ನಡೆಯುತ್ತಿದೆ. ಚೆಂದದ ಫೋಟೊ, ಕಡಿಮೆ ಬಾಡಿಗೆ, ‘ನಾನು ಮಿಲಿಟರಿಯಲ್ಲಿದ್ದೇನೆ, ಊರಲ್ಲಿಲ್ಲ, ಟೋಕನ್ ಹಾಕಿ ಕೀಲಿ ಕೊಡಿಸುತ್ತೇನೆ’ ಎಂಬ ಮಾತು. ಮನೆಯೊಳಗೆ ಕಾಲಿಡದೆ ಒಂದು ರೂಪಾಯಿಯೂ ಹಾಕಬೇಡಿ. ಹಾಕಿ ಸಿಕ್ಕಿಬಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮನೆ ಒಪ್ಪಿತು ಅನ್ನಿ. ಈಗ ಮಾಲಕರು ನಿಮ್ಮನ್ನು ಒಪ್ಪಬೇಕು. ಇಲ್ಲಿ ಅರ್ಜಿ ಫಾರಂ ಅಂತ ಏನೂ ಇರುವುದಿಲ್ಲ, ಒಂದು ಕಪ್ ಚಹಾ ಇರುತ್ತದೆ. ಎಲ್ಲಿಯವರು, ಏನು ಕೆಲಸ, ಮನೆಯಲ್ಲಿ ಎಷ್ಟು ಜನ, ಅಡುಗೆ ಏನು ಮಾಡ್ತೀರಿ. ನಂತರ ಮೆಲ್ಲಗೆ ‘ನೀವು ಯಾವ ಮಂದಿ?’ ಅಂದರೆ ಯಾವ ಜಾತಿ ಅಂತ. ಬಸವಣ್ಣನವರ ಫೋಟೊ ಕೆಳಗೆ ಕುಳಿತೇ ಇದನ್ನು ಕೇಳುತ್ತಾರೆ, ನನಗಂತೂ ಇವತ್ತಿಗೂ ಸಿಟ್ಟು ಬರುತ್ತದೆ. ಎರಡನೇ ಮನೆ ಹುಡುಕುವಾಗ ಇದೇ ಪ್ರಶ್ನೆಗೆ ಎರಡು ಕಡೆ ಎದ್ದು ಬಂದಿದ್ದೇನೆ. ನೀವು ಏನು ಮಾಡಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಮಾಂಸದ ಅಡುಗೆ ಮಾಡುವವರಾದರೆ ಮಾತ್ರ ಮೊದಲೇ ಹೇಳಿಬಿಡಿ. ಮುಚ್ಚಿಟ್ಟು ಬಂದು ಪ್ರತಿ ಭಾನುವಾರ ಕಿಟಕಿ ಮುಚ್ಚಿ ಅಡುಗೆ ಮಾಡುವ ಕರ್ಮ ಯಾರಿಗೆ ಬೇಕು?

ನೇಮಕಾತಿ ಪತ್ರ, ಸಂಬಳದ ಚೀಟಿ ಇಲ್ಲವೇ ಆಫೀಸಿನ ಐಡಿ, ಆಧಾರ್, ಎರಡೆರಡು ಫೋಟೊ ಜೊತೆಯಲ್ಲಿರಲಿ. ಆಧಾರ್ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಪ್ರತಿಯನ್ನು ಡೌನ್‌ಲೋಡ್ ಮಾಡಬಹುದು, ಅದನ್ನು ಕೊಡಿ. ಅದರ ಮೇಲೆ ‘ಬಾಡಿಗೆ ಮನೆಗಾಗಿ ಮಾತ್ರ’ ಅಂತ ಅಡ್ಡ ಬರೆದು ತಾರೀಖು ಹಾಕಿ. ಪೊಲೀಸ್ ಠಾಣೆಗೆ ವಿವರ ಕೊಡಬೇಕು ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಮಾಲಕರ ಮುನ್ನೆಚ್ಚರಿಕೆ. ಅವರು ನಿಮ್ಮ ಕಾಗದ ನೋಡುವಾಗ ನೀವೂ ಅವರದ್ದು ನೋಡಿ. ಮಹಾನಗರ ಪಾಲಿಕೆಯ ತೆರಿಗೆ ರಸೀದಿ, ಕರೆಂಟ್ ಬಿಲ್ಲು ಯಾರ ಹೆಸರಲ್ಲಿವೆ? ಕೆಲವೊಮ್ಮೆ ಬಾಡಿಗೆದಾರನೇ ಮಾಲಕನ ಹಾಗೆ ಮಾತಾಡುತ್ತಾನೆ.

ಅಡ್ವಾನ್ಸ್ ವಿಷಯಕ್ಕೆ ಬಂದರೆ, ನನ್ನ ಈಗಿನ ಎರಡು ಬೆಡ್‌ರೂಮ್ ಫ್ಲ್ಯಾಟಿಗೆ 11,000 ಬಾಡಿಗೆ, 40,000 ಅಡ್ವಾನ್ಸ್. ಮೊದಲು 60,000 ಕೇಳಿದ್ದರು, ಕೂತು ಮಾತಾಡಿ ಇಳಿಸಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತ ಇದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ, ಅದನ್ನು ತೋರಿಸಿ ಜಗಳಕ್ಕೆ ಹೋಗಬೇಡಿ. ಕರ್ನಾಟಕ ಬಾಡಿಗೆ ಕಾಯ್ದೆ 1999 ನಮ್ಮನ್ನು ಕಾಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ತಿಂಗಳ ಬಾಡಿಗೆ 3,500 ದಾಟಿದ ಮನೆಗೆ ಅದು ಅನ್ವಯಿಸುವುದೇ ಇಲ್ಲ. ಇವತ್ತು ಆ ಬಾಡಿಗೆಗೆ ಫ್ಲ್ಯಾಟ್ ಎಲ್ಲಿದೆ? ಹಾಗಾಗಿ ಕರಾರು ಪತ್ರದಲ್ಲಿ ಏನು ಬರೆದಿದೆಯೋ ಅದೇ ನಿಮಗೆ ಕಾನೂನು ಅಂದುಕೊಳ್ಳಿ.

ಕರಾರು 11 ತಿಂಗಳಿಗೆ ಇರುತ್ತದೆ. ಯಾಕೆ ಅಂದರೆ ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಇ-ಸ್ಟಾಂಪ್ ಅಂಗಡಿಯಲ್ಲಿ ರೆಡಿ ನಮೂನೆ ಇರುತ್ತದೆ, ಹೆಸರು ತುಂಬಿ ಸಹಿ ಹಾಕಿಸುತ್ತಾರೆ. ಅದಕ್ಕೆ ಸುಮ್ನೆ ಸಹಿ ಹಾಕಬೇಡಿ. ನಾನು ಹಾಕಿದ್ದೆ. ಎರಡನೇ ಮನೆ ಬಿಡುವಾಗ ಮಾಲಕರು ಬಣ್ಣಕ್ಕೆ, ಕ್ಲೀನಿಂಗಿಗೆ, ಮುರಿದ ಕಿಟಕಿ ಚಿಲಕಕ್ಕೆ ಅಂತ 18,000 ಹಿಡಿದುಕೊಂಡರು. ಚಿಲಕ ನಾವು ಬರುವಾಗಲೇ ಮುರಿದಿತ್ತು. ಕರಾರು ತೆಗೆದು ನೋಡಿದರೆ ‘ಎಲ್ಲ ದುರಸ್ತಿ ಬಾಡಿಗೆದಾರರದ್ದು’ ಅಂತ ಒಂದೇ ಸಾಲು. ಕೆಳಗೆ ನನ್ನದೇ ಸಹಿ.

ಅಡ್ವಾನ್ಸ್‌ನಲ್ಲಿ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಉಳಿದದ್ದನ್ನು ಕೀಲಿ ಕೊಟ್ಟ ದಿನವೇ ಕೊಡುತ್ತಾರಾ, ಮನೆ ಬಿಡಲು ಎಷ್ಟು ದಿನ ಮೊದಲು ಹೇಳಬೇಕು, ಮುಂದಿನ ವರ್ಷ ಬಾಡಿಗೆ ಎಷ್ಟು ಏರುತ್ತದೆ, ಮೇಂಟೆನೆನ್ಸ್ ಯಾರು ಕೊಡಬೇಕು, ಪಾರ್ಕಿಂಗ್ ಯಾವುದು, ಇವೆಲ್ಲ ಅಕ್ಷರದಲ್ಲಿ ಬರಲಿ. ನೋಟಿಸಿನ ಬಗ್ಗೆ ಕರಾರೇ ಇಲ್ಲದಿದ್ದರೆ ತಿಂಗಳ ಬಾಡಿಗೆಗೆ ಕಾನೂನು ಹೇಳುವುದು ಬರೀ 15 ದಿನ. ಸಣ್ಣ ಮಗು ಇಟ್ಟುಕೊಂಡು ಹದಿನೈದು ದಿನದಲ್ಲಿ ಮನೆ ಹುಡುಕುವುದು ಆಗದ ಮಾತು, ಎರಡು ತಿಂಗಳು ಅಂತ ಬರೆಸಿ.

‘ಬಾಡಿಗೆ ಬ್ಯಾಡ್ರೀ, ಲೀಸಿಗಿ ತಗೋರಿ’ ಅಂತ ಆರೇಳು ಲಕ್ಷ ಒಟ್ಟಿಗೆ ಕೇಳುವವರೂ ಸಿಗುತ್ತಾರೆ. ತಿಂಗಳ ಬಾಡಿಗೆ ಇರುವುದಿಲ್ಲ, ಮನೆ ಬಿಡುವಾಗ ಆ ದುಡ್ಡು ವಾಪಸ್ ಅನ್ನುವ ಲೆಕ್ಕ. ಹೊಸಬರಿಗೆ ಬೇಡವೇ ಬೇಡ ಅನ್ನುತ್ತೇನೆ. ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲಕರು ಕಂತು ಕಟ್ಟದಿದ್ದರೆ, ಮನೆ ಹರಾಜಿಗೆ ಬಂದಾಗ ನಿಮ್ಮ ದುಡ್ಡಿನ ಗತಿ ಏನು? ತೆಗೆದುಕೊಳ್ಳಲೇಬೇಕು ಅಂದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ (ಮನೆಯ ಮೇಲೆ ಸಾಲ ಇದೆಯಾ ಅಂತ ನೋಡುವ ಇಸಿ) ತೆಗೆಸಿ, ಕರಾರು ನೋಂದಾಯಿಸಿ.

ಕೀಲಿ ಕೈಗೆ ಬಂದ ದಿನ, ಸಾಮಾನು ಇಳಿಸುವ ಮೊದಲು, ಖಾಲಿ ಮನೆಯನ್ನು ಮೂಲೆ ಮೂಲೆ ವಿಡಿಯೊ ಮಾಡಿ. ಚಿಲಕ, ನಲ್ಲಿ, ಬಿರುಕು, ಸ್ವಿಚ್ಚು, ಕೊನೆಗೆ ಕರೆಂಟ್ ಮೀಟರಿನ ಅಂಕಿ. ಅದೇ ದಿನ ಮಾಲಕರ ವಾಟ್ಸಾಪಿಗೆ ಕಳಿಸಿ. ಮೂರನೇ ಮನೆ ಬಿಡುವಾಗ ಇದೇ ವಿಡಿಯೊ ನನ್ನನ್ನು ಕಾಪಾಡಿತು. ಬಾಡಿಗೆಯನ್ನು ಪ್ರತಿ ತಿಂಗಳು ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಸಂಬಳದ ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳುವವರಾದರೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದಾಗ ಮಾಲಕರ ಪ್ಯಾನ್ ಬೇಕು. ಮಾರ್ಚಿನಲ್ಲಿ ಕೇಳಿದರೆ ಮುಖ ಸಿಂಡರಿಸುತ್ತಾರೆ, ಕರಾರು ಮಾಡುವಾಗಲೇ ಕೇಳಿಕೊಳ್ಳಿ.

ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಇಲ್ಲಿನ ವಿದ್ಯುತ್ ಕಂಪನಿ ಜೆಸ್ಕಾಂನ ಬಿಲ್ಲಿನಲ್ಲಿರುವ ಆರ್.ಆರ್. ನಂಬರಿಗೆ (ಮನೆಯ ಕರೆಂಟ್ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಜೋಡಿಸಿ, ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಹಿಂದಿದ್ದವರ ಆಧಾರ್ ಅದೇ ನಂಬರಿಗೆ ಅಂಟಿಕೊಂಡಿದ್ದರೆ ನಿಮ್ಮದು ಜೋಡಣೆಯಾಗುವುದಿಲ್ಲ, ಅವರು ಮೊದಲು ಡಿ-ಲಿಂಕ್ ಮಾಡಬೇಕು. ನಿಮ್ಮ ಮೈಸೂರಿನ ಮನೆಯ ಮೀಟರಿಗೆ ನಿಮ್ಮದೇ ಆಧಾರ್ ಕೊಟ್ಟಿದ್ದರೆ ಒಂದು ತೊಡಕು ಇದೆ: ಒಂದು ಆಧಾರಿಗೆ ಒಂದೇ ಮೀಟರ್. ಅಲ್ಲಿ ಉಳಿದವರ ಹೆಸರಿಗೆ ಅದನ್ನು ಬದಲಾಯಿಸಿ ಬನ್ನಿ. ಇನ್ನೊಂದು ಮಾತು, ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಅಲ್ಲ. ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪ ಸೇರಿಸಿ ಕೊಡುತ್ತಾರೆ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ. ಎಸಿ ಹಾಕಿಸಿದರೆ ಮೇ ತಿಂಗಳಲ್ಲಿ ಖಂಡಿತ ದಾಟುತ್ತದೆ.

ಆಷಾಢದಲ್ಲಿ ಇಲ್ಲಿ ಹೊಸ ಮನೆಗೆ ಹೋಗುವವರು ಕಡಿಮೆ. ನಿಮಗೆ ಆ ನಂಬಿಕೆ ಇಲ್ಲದಿದ್ದರೆ ಅದೇ ಚೌಕಾಸಿಗೆ ಒಳ್ಳೆಯ ಕಾಲ, ನನ್ನ 20,000 ಅಡ್ವಾನ್ಸ್ ಇಳಿದದ್ದು ಆಷಾಢದಲ್ಲೇ. ಸಾಮಾನು ತರುವಾಗ ಎರಡು ದೊಡ್ಡ ಡ್ರಮ್ಮೂ ತನ್ನಿ. ನಿಮ್ಮ ಓಣಿಗೆ ನಳ ಯಾವ ದಿನ, ಯಾವ ಹೊತ್ತಿಗೆ ಬರುತ್ತದೆ ಅಂತ ಗೊತ್ತಾಗುವವರೆಗೆ ಎರಡನ್ನೂ ತುಂಬಿಸಿಯೇ ಇಟ್ಟಿರಿ.