ಆಡಿನ ಕಥೆಗೆ ಕುದುರೆ ಚಿತ್ರ ಹೇಗೆ ಬಂತು?

ಶಹಾಪುರದಿಂದ ಶಾಲಾ ಮಾಸ್ತರರೊಬ್ಬರು ಬರೆದಿದ್ದಾರೆ: "1970ರ ದಶಕದಲ್ಲಿ ಕಲಬುರಗಿಯಲ್ಲಿ ಅಚ್ಚಾದ ಮಕ್ಕಳ ಪುಸ್ತಕದ ಒಂದು ಪುಟ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದೆ. ಕಥೆ ಆಡಿನದು, ಚಿತ್ರ ಕುದುರೆಯದು. ನನ್ನ ವಿದ್ಯಾರ್ಥಿಗಳೂ ನಗುತ್ತಿದ್ದಾರೆ. ನಮ್ಮ ಭಾಗದ ಮರ್ಯಾದೆ ಹೋಗುತ್ತಿದೆ. ಅದನ್ನು ತೆಗೆಸಲು ನೀವು ದನಿ ಎತ್ತಬಾರದೇ?"

ಮಾಸ್ತರೇ,

ಆ ಪುಟ ನನಗೂ ಬಂದಿದೆ. ಕುದುರೆಗೆ ಕಪ್ಪು ಕನ್ನಡಕ ಹಾಕಿ, ಸಿನಿಮಾ ಡೈಲಾಗ್ ಸೇರಿಸಿದ್ದಾರೆ. ಮಕ್ಕಳು ನಕ್ಕಿದ್ದಕ್ಕೆ ನನಗೆ ಬೇಜಾರಿಲ್ಲ. ಆಡು ಅಂತ ಬರೆದು ಕುದುರೆ ತೋರಿಸಿದರೆ ಯಾವ ಮಗು ನಗೋದಿಲ್ಲ ಹೇಳಿ? ಬೇಜಾರಾಗಿದ್ದು ದೊಡ್ಡವರ ಮಾತಿಗೆ. "ಬರೆದವನಿಗೆ ಆಡು ಯಾವುದು, ಕುದುರೆ ಯಾವುದು ಗೊತ್ತಿಲ್ಲ, ಆ ಕಡೆಯವರು ಇಷ್ಟೇ" ಅಂದಿದ್ದಾರೆ. ಇದಕ್ಕೆ ಸುಮ್ಮನಿರಲಾಗದು.

ಆಗ ಸಣ್ಣ ಪ್ರೆಸ್ಸಿನಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಆರಿಸಿ ಸಾಲು ಜೋಡಿಸುತ್ತಿದ್ದರು. ಚಿತ್ರ ಬೇಕೆಂದರೆ ಬ್ಲಾಕ್ ಮಾಡಿಸಬೇಕು. ಸತುವಿನ ತಗಡಿನ ಮೇಲೆ ಚಿತ್ರ ಇಳಿಸಿ, ಆಸಿಡ್‌ನಲ್ಲಿ ಕೊರೆಸಿ, ಮರದ ತುಂಡಿಗೆ ಬಡಿದು ಕೂರಿಸಬೇಕು. ಪ್ರತಿ ಚಿತ್ರಕ್ಕೂ ಬೇರೆ ಖರ್ಚು. ಹಾಗಾಗಿ ಇದ್ದ ಬ್ಲಾಕನ್ನೇ ಮತ್ತೆ ಮತ್ತೆ ಬಳಸುತ್ತಿದ್ದರು. ಆ ಕುದುರೆಯನ್ನು ಸರಿಯಾಗಿ ನೋಡಿ. ಬೆನ್ನ ಮೇಲೆ ಜೀನು ಇದೆ. ಮೂಲೆಯಲ್ಲಿ ಅರ್ಧ ಕತ್ತರಿಸಿದ ಛತ್ರಿಯ ಅಂಚು ಇದೆ. ಲಗ್ನಪತ್ರಿಕೆಗೆಂದು ಮಾಡಿಸಿದ ಬ್ಲಾಕ್ ಅದು! ಬರೆದವರಿಗೂ ಅದಕ್ಕೂ ಏನು ಸಂಬಂಧ?

ಬರೆದವರೂ ನಿಮ್ಮಂತೆ ಮಾಸ್ತರರು. ಉರ್ದು ಶಾಲೆಯಲ್ಲಿ ಕಲಿತೆನೆಂದು ಮುನ್ನುಡಿಯಲ್ಲಿ ಹೇಳಿದ್ದಾರೆ. 1948ರ ಸೆಪ್ಟೆಂಬರ್ 17ರವರೆಗೆ ಇಲ್ಲಿ ನಿಜಾಮರ ಆಡಳಿತ ಇತ್ತಲ್ಲ, ಕಚೇರಿಯಲ್ಲೂ ಉರ್ದು, ಮೇಲಿನ ತರಗತಿಗಳಲ್ಲೂ ಉರ್ದು. ಹಾಗೆ ಕಲಿತ ಮನುಷ್ಯ ನಮ್ಮ ಮಕ್ಕಳಿಗಾಗಿ ಕನ್ನಡದಲ್ಲಿ ಕಥೆ ಬರೆದರು. ಇದು ನಮ್ಮ ಭಾಗದ ಮರ್ಯಾದೆ, ಮಾಸ್ತರೇ. ಇದು ಹೋಗುವಂಥದ್ದಲ್ಲ.

ಇನ್ನು ಕಥೆ. ನಗುವವರು ಅದನ್ನು ಓದಿಯೇ ಇಲ್ಲ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬ, ಹತ್ತಿರ ಬಂದಿದೆ. ಹುಡುಗಿಯ ಆಡು ಬಾಜು ಹೊಲದ ತೊಗರಿಗೆ ಬಾಯಿ ಹಾಕುತ್ತದೆ. ಹೊಲದವನು ಆಡನ್ನು ಹಿಡಿದು ಕಟ್ಟುತ್ತಾನೆ, ಹತ್ತು ಗಿಡದ ದುಡ್ಡು ಕೇಳುತ್ತಾನೆ. ಹುಡುಗಿ ಅಳುವುದಿಲ್ಲ. "ತಿಂದಿದ್ದು ನಾಕು ಗಿಡ. ನೀ ಹತ್ತು ಅಂತಿ. ಎಣಿಸಿ ತೋರ್ಸು ಕಾಕಾ" ಅನ್ನುತ್ತಾಳೆ. ಇಬ್ಬರೂ ಬಿಸಿಲಲ್ಲಿ ಬಗ್ಗಿ ಗಿಡ ಎಣಿಸುತ್ತಾರೆ. ಎರಡು ಪುಟ ಪೂರ್ತಿ ಇದೇ ಚೌಕಾಶಿ. ಕೊನೆಗೆ ಆರಕ್ಕೆ ಒಪ್ಪಂದ. ಆ ದುಡ್ಡಿಗೆ ಬದಲು ಅವಳು ಅವನ ಹೊಲದಲ್ಲಿ ಒಂದು ದಿನ ಕಾಗೆ ಓಡಿಸುತ್ತಾಳೆ. ಹಬ್ಬದಂದು ಹೊಲಕ್ಕೆ ಚರಗ (ನೈವೇದ್ಯ) ಚೆಲ್ಲುವ ದಿನ ಅವನೇ ಕರೆದು ಸಜ್ಜೆ ರೊಟ್ಟಿ, ಭಜ್ಜಿ ಬಡಿಸುತ್ತಾನೆ. ನೀತಿಪಾಠ ಎಲ್ಲೂ ಇಲ್ಲ. ಮಕ್ಕಳ ಕಥೆಯಲ್ಲಿ ಇಷ್ಟು ಗಟ್ಟಿ ಹುಡುಗಿ ಸಿಗೋದು ಅಪರೂಪ.

ತೆಗೆಸುವ ಮಾತು ಬೇಡ. ತೆಗೆಸಲು ಹೋದಷ್ಟೂ ಜಾಸ್ತಿ ಹರಡುತ್ತದೆ. ಒಂದು ಪುಟ ಓಡಾಡುತ್ತಿರುವ ಕಡೆಗೆ ಹದಿನಾರೂ ಪುಟ ಹೋಗಲಿ. ಬರೆದವರು ಈಗಿಲ್ಲ, ಮನೆಯವರು ಖುಷಿಯಿಂದ ಒಪ್ಪಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಕಥೆ ಹಾಕುತ್ತೇವೆ.

ನಿಮ್ಮ ಶಾಲೆಗೆ ಜೆರಾಕ್ಸ್ ಪ್ರತಿ ಅಂಚೆಗೆ ಹಾಕಿದ್ದೇನೆ. ಚೌಕಾಶಿಯ ಪುಟಗಳನ್ನು ಹುಡುಗಿಯರಿಂದಲೇ ಜೋರಾಗಿ ಓದಿಸಿ. ಆಮೇಲೆ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು ಆಡಿನ ಚಿತ್ರ ಬರೆಸಿ. ದಿನಾ ಆಡು ನೋಡುವ ಮಕ್ಕಳಲ್ಲವೇ! ಈ ತಿಂಗಳ ಕೊನೆಯೊಳಗೆ ಕಳಿಸಿದರೆ ಕಥೆಯ ಜೊತೆ ಆ ಚಿತ್ರಗಳನ್ನೇ ಅಚ್ಚು ಹಾಕುತ್ತೇವೆ. ಹಾಳೆಯ ಹಿಂದೆ ಮಗುವಿನ ಹೆಸರು, ತರಗತಿ ಬರೆಯುವುದು ಮರೆಯಬೇಡಿ.

– ಸಂ.